ಕುಷ್ಟಗಿಗೆ ಜವಳಿ ಬಂದದ್ದು

ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಗಾದೆ ಕಟ್ಟಿದ ಮಹಾನುಭಾವ ಕುಷ್ಟಗಿಯಲ್ಲಿ ಒಂದು ಸಂಜೆ ನನ್ನ ಪಕ್ಕದಲ್ಲಿ ನಿಂತಿರಬೇಕಾಗಿತ್ತು. ಮಾತು ಬಲ್ಲೆನೆಂಬ ಜಂಬಕ್ಕೇ ನಾನು ಅಲ್ಲಿ ಕಲ್ಲೇಟು ತಿಂದೆ. ಎಡ ಹುಬ್ಬಿನ ಮೇಲಿನ ಗುರುತು ಈಗಲೂ ಇದೆ.

ಅದು ಯುದ್ಧದ ಕಾಲ. ನಮ್ಮದು ಊರೂರು ತಿರುಗುವ ಡೇರೆ ಟಾಕೀಸು. ಮಾಲೀಕರು ಹೊಸಪೇಟೆಯವರು, ನಾನು ಬಳ್ಳಾರಿ ಕಡೆಯವನು. ಅವರು ಮದರಾಸಿನಿಂದ ಹನ್ನೊಂದು ರೀಲಿನ ಒಂದು ತಮಿಳು ನಗೆಚಿತ್ರ ತರಿಸಿದ್ದರು. ಅದನ್ನು ನಿಜಾಮರ ಸೀಮೆಯ ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿಗಳಲ್ಲಿ ಆಡಿಸಿ ಬರಬೇಕೆಂದು ಹುಕುಂ ಆಯಿತು. ಆ ಊರುಗಳಲ್ಲಿ ತಮಿಳು ಯಾರಿಗೆ ಬರಬೇಕು? ಯಂತ್ರ ನಡೆಸುವವನೂ ನಾನೇ, ಯಂತ್ರದ ಪಕ್ಕದಲ್ಲಿ ತಗಡಿನ ತುತ್ತೂರಿ ಬಾಯಿಗಿಟ್ಟು ಕಥೆಯನ್ನು ಕನ್ನಡದಲ್ಲಿ ಕೂಗಿ ಹೇಳುವವನೂ ನಾನೇ. ಒಂದೇ ಯಂತ್ರವಾದ್ದರಿಂದ ರೀಲು ಮುಗಿದಾಗಲೆಲ್ಲ ಆಟ ನಿಲ್ಲುತ್ತಿತ್ತು. ಹೊಸ ರೀಲು ಏರಿಸುವಷ್ಟು ಹೊತ್ತೂ ಜನ ನನ್ನನ್ನು ಬೈಯಲು ಬಿಡುವಾಗಿರುತ್ತಿದ್ದರು.

ಚಿತ್ರದ ಕಥೆ ಇಷ್ಟೇ. ಒಬ್ಬ ಪುಕ್ಕಲು ಸಾಲಿ ಮಾಸ್ತರ, ಒಬ್ಬ ಊರು ಮೇಯುವ ಪೈಲ್ವಾನ. ಹುಟ್ಟಿದ ದಿನವೇ ಬೇರೆಯಾದ ಅವಳಿ ಅಣ್ಣತಮ್ಮಂದಿರು. ಎರಡೂ ಪಾತ್ರ ಒಬ್ಬನೇ ನಟನದು. ಇವನನ್ನು ಅವನೆಂದು ತಿಳಿದು ಮಾಸ್ತರನ ಹೆಂಡತಿ ಪೈಲ್ವಾನನಿಗೆ ಮಣೆ ಹಾಕಿ ಊಟಕ್ಕೆ ಬಡಿಸುತ್ತಾಳೆ, ಪೈಲ್ವಾನನ ಎದುರಾಳಿ ಮಾಸ್ತರನನ್ನು ಅಖಾಡಕ್ಕೆ ಎಳೆದೊಯ್ಯುತ್ತಾನೆ. ಒಂಬತ್ತನೆಯ ರೀಲಿನಲ್ಲಿ ಮಾತ್ರ ಇಬ್ಬರೂ ಒಟ್ಟಿಗೆ ಕಾಣಿಸುತ್ತಾರೆ. ಕ್ಯಾಮೆರಾದ ಅರ್ಧ ಮುಚ್ಚಿ ಒಂದು ಸಲ, ಇನ್ನರ್ಧ ಮುಚ್ಚಿ ಇನ್ನೊಂದು ಸಲ ಅದೇ ಫಿಲ್ಮಿನ ಮೇಲೆ ತೆಗೆದ ಕರಾಮತ್ತು ಅದು. ಕಣ್ಣಿಟ್ಟು ನೋಡಿದರೆ ನಟ್ಟನಡುವೆ ಮೇಲಿಂದ ಕೆಳಗೆ ಒಂದು ಮಸುಕು ಗೆರೆ ಕಾಣುತ್ತಿತ್ತು. ಅಣ್ಣತಮ್ಮ ಎಷ್ಟು ಅತ್ತರೂ ಆ ಗೆರೆ ದಾಟುವುದಿಲ್ಲ, ಒಬ್ಬರ ಕೈ ಒಬ್ಬರು ಮುಟ್ಟುವುದಿಲ್ಲ. ಮುಟ್ಟಿದರೆ ಕೈ ಮಾಯವಾಗುತ್ತದೆ.

ಕೊಪ್ಪಳದಲ್ಲಿ ಮೊದಲ ದಿನವೇ ಗಲಾಟೆ. ಮಾಸ್ತರನ ಹೆಂಡತಿ ಪೈಲ್ವಾನನಿಗೆ ಕಾಲಿಗೆ ನೀರು ಕೊಟ್ಟಳೋ ಇಲ್ಲವೋ, ಮುಂದಿನ ಸಾಲಿನಿಂದ ಒಬ್ಬ ಎದ್ದು ನಿಂತ.

"ಮಾಸ್ತರ ಮೀಸಿ ಹಚ್ಚಿಕೊಂಡು ಬಂದಾನ್ರಲೇ! ತನ್ನ ಮನಿಗೆ ತಾ ಕಳ್ಳರಂಗ ಬರಾಕ ಏನ್ ಧಾಡಿ?"

"ಮಾಸ್ತರ ಅಲ್ರೀ, ಅವ ಬ್ಯಾರೆ, ಇವ ಬ್ಯಾರೆ," ಎಂದು ನಾನು ತುತ್ತೂರಿಯಲ್ಲಿ ಕೂಗಿದೆ.

"ಬ್ಯಾರೆ ಆಗಿದ್ರ ಆಕಿ ಯಾಕ ಬಡಸ್ತಾಳ? ಹಾದರದ ಆಟ ತೋರ್ಸಾಕ ಬಂದೀಯೇನು?"

ಒಂಬತ್ತನೆಯ ರೀಲಿನಲ್ಲಿ ಇಬ್ಬರೂ ಒಟ್ಟಿಗೆ ಬಂದಾಗ ಇನ್ನೂ ಕೆಟ್ಟಿತು. ನಾನು ಎಲ್ಲೋ ಇನ್ನೊಂದು ಯಂತ್ರ ಬಚ್ಚಿಟ್ಟಿದ್ದೇನೆ, ಒಬ್ಬನನ್ನೇ ಎರಡು ಮಾಡಿ ಮೋಸ ಮಾಡುತ್ತಿದ್ದೇನೆ ಎಂದು ನಾಲ್ಕು ಜನ ಡೇರೆಯೆಲ್ಲ ತಡಕಿದರು. ಯಲಬುರ್ಗಾದಲ್ಲಿ ಬಾಗಿಲಿಗೆ 'ಅವಳಿ ಜವಳಿ' ಎಂದು ಬಣ್ಣದಲ್ಲಿ ಬರೆದ ಹಲಗೆ ತೂಗುಹಾಕಿದೆ. ಓದಬಲ್ಲವರು ಆಟಕ್ಕೆ ಬರಲಿಲ್ಲ, ಆಟಕ್ಕೆ ಬಂದವರಿಗೆ ಓದು ಬರಲಿಲ್ಲ. ಅಲ್ಲಿಯೂ ಅದೇ ಬೈಗುಳ, ಅದೇ ಸಿಳ್ಳು.

ಕುಷ್ಟಗಿಯ ದಾರಿಯಲ್ಲಿ, ಚಕ್ಕಡಿಯ ಮೇಲೆ ರೀಲಿನ ಪೆಟ್ಟಿಗೆಗಳ ನಡುವೆ ಕೂತು ಮಾಲೀಕರು ನನ್ನನ್ನು ತರಾಟೆಗೆ ತೆಗೆದುಕೊಂಡರು. "ನಿನ್ನ ಬಾಯಾಗ ಏನು ಕಡುಬು ತುರುಕ್ಯಾರೇನು? ಆಟ ಸುರು ಆಗೂಕಿಂತ ಮೊದಲ ಊರಿಗೆಲ್ಲಾ ತಿಳೀಬೇಕು, ಇವರು ಒಂದ ಬಸರಾಗ ಹುಟ್ಟಿದ ಜೋಡಿ ಅಂತ. ಡಂಗುರ ಹೊಡಸು."

ಡಂಗುರದ ಮಾತನ್ನು ನಾನೇ ಬರೆದೆ. ಶಾಲೆಯಲ್ಲಿ ಕನ್ನಡ ಪಂಡಿತರಿಂದ ಭೇಷ್ ಎನ್ನಿಸಿಕೊಂಡವನಲ್ಲವೇ, ಒಂದೊಂದು ಪದವನ್ನೂ ಸವಿದು ಬರೆದೆ. ಡಂಗುರಕ್ಕೂ ತಹಸೀಲ ಕಚೇರಿಯ ಪರವಾನಗಿ ಬೇಕಾಗಿತ್ತು. ಕಚೇರಿಯ ಕಾಗದಪತ್ರ ನೋಡುವ ಪೇಷಕಾರ ಮೂಗಿನ ತುದಿಗೆ ಕನ್ನಡಕ ಇಳಿಸಿ ನನ್ನ ಕಾಗದ ಓದಿದ. 'ಅವಳಿ'ಗೆ ಬಂದು ನಿಂತ.

"ಇದೇನು?"

"ಅವಳಿ ಅಂದ್ರ ಜೋಡಿ ಮಕ್ಕಳ್ರಿ ಸಾಹೇಬ್ರ."

"ನಿಮ್ಮ ಬಳ್ಳಾರಿ ಮಂದಿ ಹಾಲಿಗೆ ಆಲು ಅಂತೀರಿ, ಹಾವಿಗೆ ಆವು ಅಂತೀರಿ. ಇದು ಹಾವಳಿ. ಹಾವಳಿ ಬರ್ತೈತಿ ಅಂತ ಡಂಗುರ ಹೊಡ್ಯಾಕ ಸರ್ಕಾರ ಪರವಾನಗಿ ಕೊಡ್ತೈತೇನು? ಇಂಥಾ ಹೊತ್ನ್ಯಾಗ?"

"ಹಾವಳಿ ಅಲ್ರೀ, ನಾನು ಹ ತಿನ್ನಂಗಿಲ್ರಿ..."

"ನನಗ ಕಲಸ್ತೀಯೇನು?" ಎಂದು ಕೆಂಪು ಶಾಯಿಯಿಂದ ಆ ಪದವನ್ನು ಹೊಡೆದು ಹಾಕಿದ. "ಜವಳಿ ಇರ್ಲಿ. ಅದು ಛಲೋ ಶಬ್ದ."

ನನಗೂ ಸಮಾಧಾನವೇ ಆಯಿತು. ಜವಳಿ ಎಂದರೂ ಜೋಡಿ ಹುಟ್ಟಿದವರೇ, ಬೇಕಾದರೆ ಪದಕೋಶ ತೆಗೆದು ನೋಡಿ. ನಾನು ಪದಕೋಶ ನೋಡಿದ್ದೆ, ಪೇಟೆ ನೋಡಿರಲಿಲ್ಲ. ಪೇಟೆಯಲ್ಲಿ ಜವಳಿ ಎಂದರೆ ಬಟ್ಟೆ. ಆ ದಿನಗಳಲ್ಲಿ ಬಟ್ಟೆ ಕಂಟ್ರೋಲಿನಲ್ಲಿತ್ತು. ಪಟೇಲರ ಚೀಟಿ ಇಲ್ಲದೆ ಒಂದು ಗಜ ಮಾದರಪಾಟದ ಒರಟು ಬಟ್ಟೆಯೂ ಹುಟ್ಟುತ್ತಿರಲಿಲ್ಲ, ಚೀಟಿ ಇದ್ದವರಿಗೂ ಅಂಗಡಿಯಲ್ಲಿ ಬರೀ ಗೋಡೆ ಕಾಣಿಸುತ್ತಿತ್ತು. ಇದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ನನ್ನ ಅಂಗಿಗೇ ಮೂರು ತೇಪೆ ಇದ್ದವು. ಆದರೂ ಹೊಳೆಯಲಿಲ್ಲ.

ಸಂತೆಯ ದಿನ ಬೆಳಿಗ್ಗೆ ಡಂಗುರದವನು ಊರ ತುಂಬ, ಸಂತೆಯ ತುಂಬ ಬಾರಿಸಿದ. ಅವನ ಧ್ವನಿ ನನ್ನ ತುತ್ತೂರಿಗಿಂತ ಗಟ್ಟಿ.

"ಕೇಳ್ರಪೋ ಕೇಳ್ರಿ! ಊರ ಹೊರಗಿನ ಡೇರೇಕ ಜವಳಿ ಬಂದಾವ, ಜೋಡಿ ಜವಳಿ! ಒಂದರ್ಹಂಗ ಒಂದು, ಒಂದು ಎಳಿ ಫರಕಿಲ್ಲ! ಸರ್ಕಾರದ ಪರವಾನಗಿ ಐತಿ! ದೀಪ ಹಚ್ಚೂ ಹೊತ್ತಿಗೆ ಎಲ್ಲಾರೂ ಬರ್ರಿಪೋ!"

'ಒಂದು ಎಳಿ ಫರಕಿಲ್ಲ' ಎಂಬುದು ನನ್ನದೇ ಅಲಂಕಾರ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಎಲ್ಲ ಕಡೆ ಇರುತ್ತಾರೆ. ಇಲ್ಲಿ ಅವರ ತಪ್ಪೂ ಇರಲಿಲ್ಲ.

ಮಧ್ಯಾಹ್ನದಿಂದಲೇ ಜನ ಬಂದು ಡೇರೆಯ ಮುಂದೆ ಸಾಲು ಹಿಡಿದು ಕೂತರು. ಹೆಂಗಸರೇ ಹೆಚ್ಚು. ಮಾಲೀಕರು ಕೈ ಹೊಸೆಯುತ್ತ, "ನೋಡ್ದಿಲ್ಲೋ, ಡಂಗುರದ ತಾಕತ್ತು!" ಎಂದರು. ಹಲವರ ಕೈಯಲ್ಲಿ ಮಡಿಸಿದ ಚೀಟಿ ಇದ್ದದ್ದನ್ನು ನಾನು ಕಂಡೆ. ಬುದ್ಧಿಗೇಡಿ, ಕಂಡೂ ಕೇಳಲಿಲ್ಲ. ಒಳಗೆ ಬಿಡುವುದಕ್ಕೆ ಟಿಕೀಟು ಎಂದಾಗ ಗೊಣಗಿದರು, ಆದರೂ ಕೊಂಡರು. ನೆಲದ ಮೇಲೆ ಒಬ್ಬರ ಮೇಲೊಬ್ಬರು ಕೂತರು.

ಮೊದಲ ರೀಲಿಗೆ ಒಬ್ಬರೂ ನಗಲಿಲ್ಲ. ರೀಲು ಬದಲಿಸುವಾಗ ಯಾರೋ ಕೇಳಿದರು: "ಯಾವಾಗ ಕೊಡ್ತೀರಿ?"

ಆಟ ಯಾವಾಗ ಮುಂದುವರಿಸುತ್ತೀರಿ ಎಂದು ಕೇಳಿದರೆಂದುಕೊಂಡು, "ತಡ್ರಿ, ತಡ್ರಿ, ಈಗ ಬರ್ತಾವ ಜವಳಿ," ಎಂದೆ.

ಜನ ತಡೆದರು. ಎರಡನೆಯ ರೀಲಿನ ಕೊನೆಗೂ ಅದೇ ಪ್ರಶ್ನೆ, ಅದೇ ಉತ್ತರ. ಮೂರನೆಯದರಲ್ಲಿ ಪೈಲ್ವಾನ ಮೀಸೆ ತಿರುವುತ್ತ ಬಂದಾಗ ನಾನು ತುತ್ತೂರಿಗೆ ಜೀವವನ್ನೆಲ್ಲ ತುಂಬಿ ಕೂಗಿದೆ. "ಬಂತು ನೋಡ್ರಿ! ಇದ ಜವಳಿ!"

ಜನರ ನಡುವಿನಿಂದ ಒಬ್ಬ ಮುದುಕಿ ಎದ್ದಳು. "ಎಲ್ಲೈತಿ?"

"ಅಲ್ಲಿ ನಿಂತಾನಲ್ಲಬೇ, ಮೀಸಿಯವ."

"ಅರಿವಿ ಎಲ್ಲೈತಲೇ?"

ಆಗ, ಆ ಒಂದು ಕ್ಷಣದಲ್ಲಿ, ಚೀಟಿಗಳು, ಸಾಲು, ಕೆಂಪು ಶಾಯಿ ಎಲ್ಲ ಒಟ್ಟಿಗೆ ನನಗೆ ಅರ್ಥವಾದವು. "ಅರಿವಿ ಇಲ್ರೀ... ಜವಳಿ ಅಂದ್ರ ಜೋಡಿ ಮಕ್ಕಳು..." ಎನ್ನುವಷ್ಟರಲ್ಲಿ ಮೊದಲ ಕಲ್ಲು ಬಂದು ತುತ್ತೂರಿಗೆ ತಗುಲಿತು, ಎರಡನೆಯದು ಹುಬ್ಬಿಗೆ. "ಬಡವರನ್ನ ಆಟ ಆಡಸ್ತೀರೇನ್ರಲೇ! ಅರಿವಿ ಕೊಡ್ರಿ!" ಡೇರೆಯ ಎರಡು ಗೂಟ ಕಿತ್ತುಬಂದವು. ಕೆಲವರು ಪರದೆಗೆ ಕೈ ಹಾಕಿದರು, ಅದರ ಒಂದು ತುದಿ ಚರ್ರೆಂದು ಹರಿಯಿತು. ನಾನು ರಕ್ತ ಒರೆಸಿಕೊಳ್ಳುವ ಮೊದಲು ಯಂತ್ರದ ದೀಪ ಆರಿಸಿ, ರೀಲನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದೆ. ಆ ಕಾಲದ ಫಿಲ್ಮು ಒಂದು ಕಿಡಿ ತಾಗಿದರೆ ಡೇರೆ ಸಮೇತ ಎಲ್ಲರನ್ನೂ ಸುಡುತ್ತಿತ್ತು.

ಪೊಲೀಸು ಅಮೀನಸಾಹೇಬರ ಜವಾನರು ಬಂದು ಜನರನ್ನು ಚದರಿಸಿ, ನನ್ನನ್ನು ಚಾವಡಿಗೆ ಎಳೆದೊಯ್ದರು. "ಜವಳಿ ಕೌನ್ ಬೋಲಾ?" ಎಂದು ಅಮೀನರು ಮೇಜು ಗುದ್ದಿದರು. ಪೇಷಕಾರನನ್ನೂ ಕರೆಸಿದರು. ಅವನು ಕಣ್ಣು ಕೂಡ ಮಿಟುಕಿಸದೆ, "ಜವಳಿ ಅವನ ಬರದಾನ್ರಿ. ನಾ ಬರೇ ಹಾವಳಿ ತಗದೀನ್ರಿ," ಎಂದ. ಬೆಳಿಗ್ಗೆ ಮತ್ತೆ ಡಂಗುರ ಹೊಡೆಸಿ ಬಟ್ಟೆ ಇಲ್ಲವೆಂದು ಸಾರಬೇಕು, ಇನ್ನೊಂದು ಕಲ್ಲು ಬಿದ್ದರೆ ಡೇರೆ ಜಪ್ತಿ ಎಂದು ಅಪ್ಪಣೆಯಾಯಿತು.

ಬೆಳಿಗ್ಗೆ ಡಂಗುರದವನು 'ಜವಳಿ ಇಲ್ಲ' ಎಂದು ಸಾರಿದ್ದೇ ತಡ, ಊರಿಗೆಲ್ಲ ಹೊಸ ಗುಮಾನಿ ಹುಟ್ಟಿತು. ಬಟ್ಟೆ ಬಂದದ್ದು ಖರೆ, ನಾವು ಅದನ್ನು ಕದ್ದು ಮಾರಿದ್ದೂ ಖರೆ! ಹಾದಿಯಲ್ಲಿ ಹೋಗುವವರು ನಮ್ಮ ಡೇರೆಯ ಕಡೆ ಉಗುಳಿ ಹೋಗುತ್ತಿದ್ದರು. ಮಾಲೀಕರು ಸೀಮೆಎಣ್ಣೆ, ಕಾರ್ಬನ್ ಕಡ್ಡಿ ತರುವ ನೆಪದಲ್ಲಿ ಕೊಪ್ಪಳದ ಸ್ಟೇಷನ್ನಿಗೆ ಚಕ್ಕಡಿ ಹೂಡಿಸಿದರು. ಹೋಗುವಾಗ, "ಪರದಿ ಹೊಲದಿಡು. ಅದು ಹಾಳಾದ್ರ ಈ ಕಂಟ್ರೋಲಿನ್ಯಾಗ ಇನ್ನೊಂದು ಹುಟ್ಟಂಗಿಲ್ಲ. ಪರದಿ ಇದ್ರ ಟಾಕೀಸು, ಇಲ್ಲಾಂದ್ರ ನೀನು ನಾನು ಬೀದಿಪಾಲು," ಎಂದರು.

ನಾನು ಪರದೆ ಇಳಿಸಿ ನೆಲದ ಮೇಲೆ ಹಾಸಿದೆ. ನಾಲ್ಕು ಪಟ್ಟಿ ಮಾದರಪಾಟವನ್ನು ಅಡ್ಡಡ್ಡ ಜೋಡಿಸಿ ಹೊಲಿದ ಪರದೆ ಅದು. ಒಂದೊಂದು ಪಟ್ಟಿ ಒಂದು ಗಜ ಅಗಲ, ಹದಿನಾರು ಅಡಿ ಉದ್ದ. ವಾರಕ್ಕೊಮ್ಮೆ ನೀಲಿ ಹಾಕಿ ಒಗೆದು ಬೆಳ್ಳಗೆ ಇಟ್ಟಿದ್ದೆ. ಎಲ್ಲಕ್ಕಿಂತ ಕೆಳಗಿನ ಪಟ್ಟಿಯ ತುದಿ ಹರಿದಿತ್ತು. ಸೂಜಿ ಪೋಣಿಸುತ್ತಿರುವಾಗ ಮೇಲೆ ನೆರಳು ಬಿತ್ತು. ನಿನ್ನೆಯ ಮುದುಕಿ. ಊರಿಗೆ ಹೋಗಿರಲೇ ಇಲ್ಲ.

"ಇದು ಅರಿವಿ ಅಲ್ಲೇನು?"

"ಇದು ಪರದಿ. ಹೋಗಬೇ, ನಿಮ್ಮ ಕಲ್ಲು ತಿಂದು ತಲಿ ಕೆಟ್ಟೈತಿ."

"ಕಲ್ಲು ಒಗದಾಕಿ ನಾನ. ಇನ್ನೊಂದು ಒಗೀತೀನಿ." ಅವಳು ಎದುರಿಗೇ ಕೂತಳು. "ಕಟ್ಟಿಗಿಗೆ ಉಡಸ್ತಿ, ಮಂದಿಗೆ ಉಡಸಂಗಿಲ್ಲ. ಯಾವ ಸೀಮಿ ನ್ಯಾಯ ಇದು?"

"ನಿನಗ ಒಬ್ಬಾಕಿಗೆ ಅರಿವಿ ಇಲ್ಲೇನು? ಎಲ್ಲಾರೂ ಬೈದು ಮನಿಗೆ ಹೋದ್ರು. ನೀ ಯಾಕ ಕುಂತಿ?"

"ನಾ ಹೋದ್ರ ಸೊಸಿಗೆ ಏನ್ ಹೇಳ್ಲಿ? ಮೂರು ಹರದಾರಿ ನಡದು ಬಂದೀನಿ. ಮನ್ಯಾಗ ಇರೂದು ಒಂದ ಸೀರಿ, ಇದು." ತನ್ನ ಸೆರಗನ್ನು ಎಳೆದು ತೋರಿಸಿದಳು. ಎಳೆಗಳು ಬೆಳಕಿಗೆ ಕಾಣುತ್ತಿದ್ದವು. "ನಾ ಉಟ್ಟು ಹೊರಗ ಬಂದ್ರ ಆಕಿ ಗೋಣಿತಾಟು ಸುತಗೊಂಡು ಒಳಗ. ಆಕಿ ಉಟ್ಟು ನೀರಿಗೆ ಹೋದ್ರ ನಾ ಒಳಗ. ದೂರಲಿಂದ ನೋಡಿದವ್ರು ನನಗ ಸೊಸಿ ಅಂತಾರ, ಆಕಿಗೆ ಅತ್ತಿ ಅಂತಾರ. ಆರು ತಿಂಗಳಾತು, ನಾವಿಬ್ರೂ ಕೂಡಿ ಹೊಸ್ತಿಲಾ ದಾಟಿಲ್ಲ. ನಿನ್ನೀಲಿಂದ ಆಕಿ ಕದಾ ಹಾಕ್ಕೊಂಡು ಕುಂತಾಳ, ಕುಡಿಯೂ ನೀರು ಇಲ್ದ."

"ಮಗ ಎಲ್ಲಿ?"

"ಸೊಲ್ಲಾಪುರದ ಗಿರಣ್ಯಾಗ ಅರಿವಿ ನೇಯಾಕ ಹೋಗ್ಯಾನ."

ಇದನ್ನು ಹೇಳುವಾಗ ಅವಳು ನಗಲೂ ಇಲ್ಲ, ಅಳಲೂ ಇಲ್ಲ. ನನಗೆ ಅವಳ ಮೇಲೆ ಸಿಟ್ಟು ಬಂತು. ನನ್ನ ಹುಬ್ಬು ಒಡೆದವಳ ಕಥೆ ಕೇಳಿ ನಾನೇಕೆ ಕರಗಬೇಕು? ಆದರೆ ನನ್ನ ಕಣ್ಣ ಮುಂದೆ ಒಂಬತ್ತನೆಯ ರೀಲಿನ ಮಸುಕು ಗೆರೆಯೇ ಬಂದು ನಿಂತಿತು. ಆ ಗೆರೆ ಒಂದು ಮೋಜು ಎಂದು ನಾನು ಊರೂರಿಗೆ ಕೂಗಿಕೊಂಡು ಬಂದಿದ್ದೆ. ಇಲ್ಲಿ ಇಬ್ಬರು ಅದರ ಆಚೆ ಈಚೆ ಆರು ತಿಂಗಳು ಬಾಳಿದ್ದರು. ನನಗೆ ನಾಚಿಕೆಯಾಯಿತು. ಆ ನಾಚಿಕೆಯ ಮೇಲೂ ಸಿಟ್ಟೇ ಬಂತು.

ಸೂಜಿ ಕೆಳಗಿಟ್ಟು ಲೆಕ್ಕ ಹಾಕಿದೆ. ಪರದೆ ಹದಿನಾರು ಅಡಿ ಅಗಲ, ಹನ್ನೆರಡು ಅಡಿ ಎತ್ತರ. ಯಂತ್ರ ಅರವತ್ತು ಅಡಿ ಹಿಂದೆ. ಯಂತ್ರವನ್ನು ಹದಿನೈದು ಅಡಿ ಮುಂದೆ ತಂದರೆ ಚಿತ್ರ ಅಷ್ಟೇ ಪಾಲು ಕುಗ್ಗುತ್ತದೆ, ಹನ್ನೆರಡು ಅಡಿ ಅಗಲ, ಒಂಬತ್ತು ಅಡಿ ಎತ್ತರ. ಮೂರು ಪಟ್ಟಿ ಸಾಕು. ಬೆಳಕು ಹತ್ತಿರವಾಗಿ ಚಿತ್ರ ಇನ್ನೂ ನಿಚ್ಚಳವಾಗುತ್ತದೆ, ಕೆಲಸ ಮಾಡುವವನಿಗೆ ನಷ್ಟವೇ ಇಲ್ಲ. ನಷ್ಟವೆಲ್ಲ ಮಾಲೀಕರು ಬಂದಮೇಲೆ. ಅದನ್ನು ತಿಳಿದೇ ಕತ್ತರಿ ಎತ್ತಿಕೊಂಡೆ.

ಹರಿದ ಪಟ್ಟಿಯ ಹೊಲಿಗೆ ಬಿಚ್ಚತೊಡಗಿದ್ದೆ, ಮುದುಕಿ ಕೈ ಅಡ್ಡ ಹಿಡಿದಳು. "ಹರಕ ನನ್ನ ಹತ್ರನೂ ಐತಿ."

ಹಲ್ಲು ಕಡಿದುಕೊಂಡು ಅದನ್ನು ಬಿಟ್ಟೆ. ಹರಿದ ತುದಿ ಹೇಗೂ ಚಿಕ್ಕ ಚಿತ್ರದ ಆಚೆ ಉಳಿಯುತ್ತಿತ್ತು. ಎಲ್ಲಕ್ಕಿಂತ ಮೇಲಿನದಕ್ಕೆ ಹಗ್ಗ ಕಟ್ಟುವ ತೂತುಗಳಿದ್ದದ್ದರಿಂದ ಮೇಲಿನಿಂದ ಎರಡನೆಯ ಪಟ್ಟಿಯ ಎರಡೂ ಹೊಲಿಗೆ ಬಿಚ್ಚಿದೆ. ಅವಳು ಮೊಳಕೈಯಿಂದ ಅಳೆದಳು.

"ಹನ್ನೊಂದು ಮೊಳಾನೂ ತುಂಬಂಗಿಲ್ಲ. ಕಚ್ಚಿ ಬರಂಗಿಲ್ಲ ಇದರಾಗ."

"ಬ್ಯಾಡಾದ್ರ ಇಡು!"

"ಸೊಸಿ ಸಣ್ಣಾಕಿ. ಉಡ್ತಾಳ." ಮಡಿಸಿ ಬಗಲಲ್ಲಿಟ್ಟುಕೊಂಡು ಎದ್ದಳು. ಹೋಗುವಾಗ ನನ್ನ ಹುಬ್ಬು ನೋಡಿ, "ಅರಿಶಿಣಾ ಹಚ್ಚು," ಎಂದಳು, ಅಷ್ಟೇ.

ಉಳಿದವರ ನೆನಪು ನನ್ನನ್ನು ಈಗಲೂ ಚುಚ್ಚುತ್ತದೆ. ಸಾಲಿನಲ್ಲಿ ಕೂತ ಅಷ್ಟೂ ಹೆಂಗಸರ ಮನೆಯಲ್ಲಿ ಏನೇನು ಇತ್ತೋ, ನಾನು ಕೇಳಲಿಲ್ಲ. ನನ್ನ ಹತ್ತಿರ ಇದ್ದದ್ದು ಒಂದೇ ಪರದೆ.

ಉಳಿದ ಮೂರು ಪಟ್ಟಿ ಜೋಡಿಸಿ ಹೊಲಿದು ಪರದೆ ಮತ್ತೆ ಕಟ್ಟಿದೆ. ನಾಲ್ಕನೆಯ ದಿನ ಮಾಲೀಕರು ಬಂದು ಡೇರೆಯೊಳಗೆ ಕಾಲಿಡುತ್ತಲೇ ನಿಂತುಬಿಟ್ಟರು. "ಪರದಿ ಗಿಡ್ಡ ಆಗೇತಲ್ಲೋ?"

ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಅಂದದ್ದನ್ನೆಲ್ಲ ಅಚ್ಚು ಹಾಕಲಾಗುವುದಿಲ್ಲ. ಕೊನೆಗೆ, "ಗಂಗಾವತಿ ತನಕ ಯಂತ್ರ ನಡಸು. ಅಲ್ಲಿಂದ ನೀ ಯಾರೋ, ನಾ ಯಾರೋ," ಎಂದರು. ಹಾಗೆಯೇ ಮಾಡಿದರು ಕೂಡ.

ಆಟ ಮಾತ್ರ ನಿಲ್ಲಲಿಲ್ಲ. ಬಟ್ಟೆ ಕೊಡುತ್ತೇವೆಂದು ಗೊಂಬೆ ತೋರಿಸಿದ ಕಳ್ಳರನ್ನು ನೋಡಲೆಂದೇ ಸುತ್ತಲಿನ ಹಳ್ಳಿಗಳ ಜನ ಬಂದರು. ಪೈಲ್ವಾನ ಕಾಣಿಸಿದಾಗೊಮ್ಮೆ, ಮಾಸ್ತರ ಕಾಣಿಸಿದಾಗೊಮ್ಮೆ, "ಅರಿವಿ ಬಂತೋ!" ಎಂದು ಡೇರೆ ಹಾರಿಹೋಗುವ ಹಾಗೆ ಕೂಗುತ್ತಿದ್ದರು. ಯಾರು ಅಣ್ಣ, ಯಾರು ತಮ್ಮ ಎಂಬ ಗೊಂದಲ ಒಬ್ಬರಿಗೂ ಇರಲಿಲ್ಲ. ನಾನು ತುತ್ತೂರಿ ಎತ್ತುವ ಅಗತ್ಯವೇ ಬೀಳಲಿಲ್ಲ, ಎತ್ತಿದರೆ ಬೈಯುತ್ತಿದ್ದರು.

ಮುಂದಿನ ಸಂತೆಯ ದಿನ, ಹೊತ್ತು ಇಳಿಯುವ ಮುಂಚೆ, ಯಂತ್ರಕ್ಕೆ ಕರೆಂಟು ಕೊಡುವ ಎಂಜಿನ್ನಿಗೆ ಎಣ್ಣೆ ಹಾಕುತ್ತಿದ್ದೆ. ಡೇರೆಯ ಬಾಗಿಲಲ್ಲಿ ಪರಿಚಿತ ದನಿ ಕೇಳಿಸಿತು. "ಏ ತುತ್ತೂರ್ಯಾವ, ಹೊರಗ ಬಾ!"

ಮತ್ತೆ ಕಲ್ಲು ತಂದಿದ್ದಾಳೋ ಏನೋ ಎಂದು ಅಂಜುತ್ತಲೇ ಹೊರಗೆ ಬಂದೆ. ಮುದುಕಿ ಅದೇ ಹಳೆಯ ಸೀರೆಯಲ್ಲಿದ್ದಳು. ಅವಳ ಪಕ್ಕದಲ್ಲಿ ತಲೆ ತಗ್ಗಿಸಿದ ಒಬ್ಬ ಎಳೆಯ ಹೆಂಗಸು. ಅವಳ ಮೈಮೇಲೆ ನನ್ನ ಪರದೆ ನೀಲಿ ಬಣ್ಣದಲ್ಲಿ ಅದ್ದಿಕೊಂಡು ಬಂದಿತ್ತು. ಮೊಣಕಾಲಿನ ಕೆಳಗೆ ಒಂದು ಗೇಣಿಗೇ ಮುಗಿದಿತ್ತು. ಅಂಚಿನಲ್ಲಿ ನನ್ನ ಹೊಲಿಗೆಯ ತೂತುಗಳು ಸಾಲಾಗಿ ಕಾಣುತ್ತಿದ್ದವು.

"ನೋಡು," ಎಂದಳು ಮುದುಕಿ, ಸಂತೆಗೆಲ್ಲ ಕೇಳುವ ಹಾಗೆ. "ಜವಳಿ ಬಂದಾವ."

"ಆಟ ನೋಡಿ ಹೋಗ್ರಬೇ," ಎಂದೆ.

"ನಿನ್ನ ಆಟಕ್ಕ ಬೆಂಕಿ ಹಚ್ಚು. ತೋರ್ಸಾಕ ಬಂದಿದ್ದೆ, ತೋರ್ಸೀನಿ."

ತಿರುಗಿ ನಡೆದರು. ಸೊಸೆ ನನ್ನ ಕಡೆ ನೋಡಿಯೂ ಇರಲಿಲ್ಲ. ಸಂತೆಯ ನೂಕುನುಗ್ಗಲಿನಲ್ಲಿ ಅವಳು ಅತ್ತೆಯ ಕೈ ಹಿಡಿದುಕೊಂಡಳು.